ಪದಚರ್ಚೆ: ಗಿಡ ತಾಗಿದ ನಾಯಿಗೆ ನವೆಯೋ, ಉರಿಯೋ, ಕಿರಿಕಿರಿಯೋ?

ಕರಡುತಿದ್ದು:
ನಾಯಿ ಸಾಕುವವರಿಗಾಗಿ ಒಂದು ಪುಟದ ಕೈಪಿಡಿ, ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ತುರಿಕೆ ಗಿಡದ ಪೊದೆಗೆ ನುಗ್ಗಿ ಬಂದ ನಾಯಿಗೆ ಏನು ಮಾಡಬೇಕು ಎಂಬುದು ವಿಷಯ. ತಲೆಬರಹವನ್ನು ‘ಚರ್ಮದ ಕಿರಿಕಿರಿಯ ಶಮನ’ ಎಂದಿಟ್ಟೆ. ಓದಿದರೆ ನನಗೇ ಕಿರಿಕಿರಿ. ಗಿಡದ ಮೇಲಿನ ಚುಚ್ಚುವ ಕೂದಲಿಗೂ ಪದ ಬೇಕು. ‘ವಿಷರೋಮ’ ಎಂದರೆ ಜನ ಹೆದರುತ್ತಾರೆ.

ತೆನೆಗಾಳು:
ಕಿರಿಕಿರಿ ಮನಸ್ಸಿಗೆ. ಮೈಗಾದರೆ ಉರಿ, ನವೆ. ಈ ಗಿಡ ತಾಗಿದರೆ ಮೊದಲು ಉರಿ, ಅದರ ಬೆನ್ನಿಗೇ ದದ್ದು, ನವೆ. ಕೂದಲ ತುದಿ ಗಾಜಿನಂಥ ಸಿಲಿಕ. ತಾಗಿದ ಕೂಡಲೇ ಮುರಿದು ಉರಿ, ನವೆ ಎಬ್ಬಿಸುವ ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಇರುವ ರಸವನ್ನು ಒಳಕ್ಕೆ ಇಳಿಸುತ್ತದೆ. ಹಾಗಾಗಿ ‘ಚುಚ್ಚು’ ಸರಿ. ‘ಕುಟುಕು’ ಬೇಡ, ಅದು ಚೇಳು ಜೇನಿನ ಕೆಲಸ. ಕೂದಲಿಗೆ ‘ಸುಂಕು’ ಎನ್ನಿ. ತೆನೆಯ ಸುಂಕು ಮೈಗೆ ಹತ್ತಿತು ಅಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬೇರುನುಡಿ:
‘ನವೆ’ಯೇ ಇರಲಿ. ನವಿರು ಎಂದರೆ ಕೂದಲು, ಅದರಿಂದ ಹುಟ್ಟಿದ್ದೇ ನವೆ. ನವೆ ಎಬ್ಬಿಸುವ ಇನ್ನೊಂದು ಬಳ್ಳಿ ನಸುಗುನ್ನಿಯಲ್ಲಿ ಕುನ್ನಿ ಕೂತಿರುವುದನ್ನೂ ಗಮನಿಸಿ; ಅದರ ಇನ್ನೊಂದು ಹೆಸರು ನಾಯಿಸೊಣಗು. ‘ಚರ್ಮ’, ‘ಶಮನ’ ಎರಡನ್ನೂ ಕಿತ್ತುಹಾಕಿ. ‘ತೊಗಲ ನವೆ ಆರಿಸುವುದು’, ಮುಗಿಯಿತು.

ತೆನೆಗಾಳು:
ದನಿ ಹೊಂದಿದ ಮಾತ್ರಕ್ಕೆ ಪದಗಳು ನೆಂಟರಾಗುವುದಿಲ್ಲ. ತೊಗಲು ಎಂದರೆ ಸುಲಿದು ಹದಮಾಡಿದ್ದು ಕಣ್ಣಿಗೆ ಬರುತ್ತದೆ. ಈ ನಾಯಿ ಇನ್ನೂ ಬದುಕಿದೆ.

ಸುಲಭಪದ:
ಯಾಕಿಷ್ಟು ಒದ್ದಾಟ? ‘ಅಲರ್ಜಿ’ ಎಂದು ಬರೆಯಿರಿ.

ಮದ್ದರೆ:
ಬರೆಯಬೇಡಿ. ಎರವಲು ಎಂಬ ಕಾರಣಕ್ಕಲ್ಲ, ತಪ್ಪು ಎಂಬ ಕಾರಣಕ್ಕೆ. 1906ರಲ್ಲಿ ಆಸ್ಟ್ರಿಯಾದ ವೈದ್ಯ ಫಾನ್ ಪಿರ್ಕೆ ಆ ಪದ ಕಟ್ಟಿದ್ದು ಮೈಯ ಬದಲಾದ ಪ್ರತಿಕ್ರಿಯೆಗೆ. ಅಲರ್ಜಿಯಲ್ಲಿ ಹಿಸ್ಟಮಿನ್ ಬಿಡುವುದು ಮೈ; ಇಲ್ಲಿ ಹಿಸ್ಟಮಿನ್ ಗಿಡದ್ದೇ. ಮೊದಲ ಸಲ ತಾಗಿದ ನಾಯಿಗೂ ಉರಿಯುತ್ತದೆ. ಅಲರ್ಜಿ ಎಂದು ಓದಿದವರು ಮನೆಯಲ್ಲಿರುವ ಅಲರ್ಜಿ ಮಾತ್ರೆ ಕೊಡುತ್ತಾರೆ. ಕೆಲವದರಲ್ಲಿ ಮೂಗು ಕಟ್ಟಿದ್ದಕ್ಕೆ ಬೆರೆಸುವ ಸ್ಯೂಡೋಎಫಿಡ್ರಿನ್ ಇರುತ್ತದೆ, ಅದು ನಾಯಿಗೆ ವಿಷ.

ನಾಮಪದ ಬಿಡಿ, ಕ್ರಿಯಾಪದ ನೋಡಿ. ಕರಡಿನಲ್ಲಿ ‘ಬಟ್ಟೆಯಿಂದ ಉಜ್ಜಿ’ ಎಂದಿದೆ. ಉಜ್ಜಿದರೆ ಸುಂಕು ಇನ್ನಷ್ಟು ಒಳಗಿಳಿಯುತ್ತದೆ. ಕೈಗವಸು ಹಾಕಿ, ಮೈ ಒಣಗಿರುವಾಗಲೇ, ಕೂದಲು ತೆಳುವಾಗಿರುವ ಹೊಟ್ಟೆ, ತೊಡೆಸಂದಿಗಳಲ್ಲಿ ಅಂಟುಪಟ್ಟಿ ‘ಮೆಲ್ಲನೆ ಒತ್ತಿ ಎತ್ತಿ’. ಪ್ರತಿ ಸಲ ಹೊಸ ಪಟ್ಟಿ. ಆಮೇಲೆ ತಣ್ಣೀರು ‘ಸುರಿಯಿರಿ’, ನಾಯಿಯ ಶಾಂಪೂ ಹಾಕಿ ತೊಳೆಯಿರಿ. ಬಿಸಿನೀರು ನವೆ ಹೆಚ್ಚಿಸುತ್ತದೆ. ಪಾದದ ಬೆರಳಸಂದಿ ಮರೆಯಬೇಡಿ: ಅದನ್ನು ನೆಕ್ಕಿದರೆ ಸುಂಕು ನಾಲಗೆಗೆ.

ಅಡುಗೆ ಸೋಡಾ 3 ಪಾಲು, ನೀರು 1 ಪಾಲು ಕಲಸಿದ್ದಕ್ಕೆ ‘ಲೇಪ’ ಸಾಕು. ಆದರೆ ‘ಹಚ್ಚಿ ಬಿಡಿ’ ಎಂದು ನಿಲ್ಲಿಸಿದ್ದೀರಿ. 10 ನಿಮಿಷಕ್ಕೆ ತೊಳೆದುಬಿಡಬೇಕು, ಅಲ್ಲಿವರೆಗೂ ನೆಕ್ಕಲು ಬಿಡಬಾರದು. ಸೋಡಾ ಹೆಚ್ಚಾಗಿ ಹೊಟ್ಟೆ ಸೇರಿದರೆ ರಕ್ತದ ಲವಣಗಳ ಅಳತೆ ಕೆಡುತ್ತದೆ. ನವೆಗೆ ಹಚ್ಚುವ ಕ್ಯಾಲಮೈನ್ ಲೋಷನ್ ಬೇಡ, ಅದರಲ್ಲಿರುವ ಸತುವಿನ ಆಕ್ಸೈಡ್ ನೆಕ್ಕಿದರೆ ವಾಂತಿ.

ಬೇರುನುಡಿ:
‘ಲೇಪ’ ಸಂಸ್ಕೃತ. ‘ಬಳಿಕೆ’ ಎನ್ನಬಹುದು.

ಮದ್ದರೆ:
ಗೋಡೆಗೆ ಬಳಿಯಿರಿ.

ಕರಡುತಿದ್ದು:
ಹೀಗೆ ಮಾಡಿದೆ: ‘ಸುಂಕು ಚುಚ್ಚಿ ಮೈ ಉರಿಯುವ ನಾಯಿಗೆ’. ಶಮನ, ಕಿರಿಕಿರಿ ಎರಡೂ ಹೋದವು. ಎಚ್ಚರಿಕೆ ಸಾಲಿನ ‘ಲಾಲಾಸ್ರಾವ’ ಇರಲೋ?

ತೆನೆಗಾಳು:
ಜೊಲ್ಲು.

ಮದ್ದರೆ:
ಆ ಸಾಲು ಕೊನೆಯಲ್ಲಿ ಬೇಡ, ಮೇಲೆ ಬರಲಿ: ‘ಜೊಲ್ಲು ನಿಲ್ಲದಿದ್ದರೆ, ನಡುಕ, ತೂರಾಟ, ಏದುಸಿರು ಕಂಡರೆ ತೊಳೆಯುತ್ತ ಕೂರಬೇಡಿ, ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.’

ಬೇರುನುಡಿ:
‘ಪಶುವೈದ್ಯ’ ಯಾವ ಕನ್ನಡ?