ಅಪ್‌ಡೇಟ್: ಹೊಸ ಚರ್ಚ್ ಕಟ್ಟೋಣ ಅಂತಲೇ ತೀರ್ಮಾನವಾಯಿತು

ಹುಬ್ಬಳ್ಳಿಯ ನಮ್ಮ ಕ್ಯಾಥೋಲಿಕ್ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಭಾನುವಾರದ ಪೂಜೆಗೆ ಜನ ಹೊರಗೆ ನಿಲ್ಲುತ್ತಾರೆ, ಹಳೇ ಚರ್ಚನ್ನೇ ದೊಡ್ಡದು ಮಾಡಬೇಕಾ, ಹೊಸದು ಕಟ್ಟಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಪಾಲನಾ ಮಂಡಳಿ ಹೊಸದಕ್ಕೇ ಒಪ್ಪಿದೆ. ಆದರೆ ನಾವು ಒಪ್ಪಿದರೆ ಸಾಲದು. ಕ್ಯಾಥೋಲಿಕ್ ಧರ್ಮಸಭೆಯ 1983ರ ಚರ್ಚ್ ಕಾನೂನಿನ 1215ನೇ ನಿಯಮದಂತೆ ಧರ್ಮಾಧ್ಯಕ್ಷರ (ಬಿಷಪರ) ಲಿಖಿತ ಒಪ್ಪಿಗೆ ಬೇಕು. ಅವರು ಅಕ್ಕಪಕ್ಕದ ಚರ್ಚುಗಳ ಗುರುಗಳ ಅಭಿಪ್ರಾಯವನ್ನೂ ಕೇಳಬೇಕು. ನಾವು ಬೆಳಗಾವಿ ಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಬಿಷಪರ ವ್ಯಾಪ್ತಿಗೆ, ಸೇರಿದವರು, ಅರ್ಜಿ ಅಲ್ಲಿಗೆ ಹೋಗಿದೆ.

ಜಾಸ್ತಿ ಚರ್ಚೆ ಆಗಿದ್ದು ಮಣ್ಣಿನ ಬಗ್ಗೆ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಸುಮ್ನೆ ಮೇಲುಮೇಲೆ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ನಿಮ್ಮಲ್ಲೊಬ್ಬರು ಹೇಳಿದ ಅಂಡರ್‌ರೀಮ್ಡ್ ಪೈಲ್ ಪಾಯವನ್ನೇ ಎಂಜಿನಿಯರ್ ಕೂಡ ಸೂಚಿಸಿದರು. ಕಂಬವನ್ನು ತೇವ ಏರಿಳಿಯದ ಆಳಕ್ಕೆ ಇಳಿಸಿ, ಬುಡವನ್ನು ಅಗಲ ಮಾಡುತ್ತಾರೆ. ಖರ್ಚು ಹೆಚ್ಚು. ಆದರೂ ಇದರಲ್ಲಿ ಉಳಿತಾಯ ಬೇಡವೇ ಬೇಡ ಅಂತ ಸಭೆಯಲ್ಲಿ ಗಟ್ಟಿಯಾಗಿ ಹೇಳಿದೆ. ನಮ್ಮ ಮೊಮ್ಮಕ್ಕಳ ಮದುವೆಯೂ ಅಲ್ಲೇ ಆಗಬೇಕಲ್ವಾ?

ಗೋಪುರ ಸದ್ಯಕ್ಕಿಲ್ಲ. ಮುಂದೆ ಒಂದು ಬದಿಗೆ ವಿಸ್ತರಿಸಲು ನಕ್ಷೆಯಲ್ಲಿ ಜಾಗ ಬಿಟ್ಟಿದ್ದೇವೆ. ಒಪ್ಪಿಗೆ ಬಂದ ಮೇಲೆ ಪಾಲಿಕೆಯ ಅನುಮತಿಗೆ ಹೋಗುತ್ತೇವೆ. ಅಲ್ಲಿಯವರೆಗೆ ಭಾನುವಾರ ಇನ್ನೊಂದು ಪೂಜೆ ಸೇರಿಸಲು ಗುರುಗಳು ಒಪ್ಪಿದ್ದಾರೆ.