ಹದಿನೈದರ ಕ್ವಾರ್ಟರ್‌ಬ್ಯಾಕ್‌ಗೆ ಎಂಥ ಕಸರತ್ತು? ಅನುಭವವಿದ್ದವರು ತಿಳಿಸಿ

ಕೇಳಿದವರು: ನಾವಿರುವುದು ಡಲ್ಲಾಸ್ ಬಳಿ. ಹದಿನೈದು ವರ್ಷದ ಮಗ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಚೆಂಡು ಇನ್ನೂ ದೂರ ಹೋಗಬೇಕೆಂದು ದಿನವೂ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರವನ್ನು ಮೇಲಕ್ಕೆ ತಳ್ಳುವುದು) ಮಾಡುತ್ತಾನೆ, ಎರಡು ಮೈಲಿ ಓಡುತ್ತಾನೆ. ಇದು ಸರಿಯೇ?

ಹ್ಯೂಸ್ಟನ್‌ನ ತಂದೆ: ನನ್ನ ಮಗನೂ ಇದೇ ಹಾದಿ ಹಿಡಿದಿದ್ದ ಸರ್. ಎದೆ ಹುರಿಗಟ್ಟಿತು, ಎಸೆತ ಒಂದು ಗಜವೂ ಮುಂದೆ ಹೋಗಲಿಲ್ಲ. ಕೊನೆಗೆ ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುವುದೇ ಕಷ್ಟವಾಯಿತು. ಮೊಬೈಲ್‌ನಲ್ಲಿ ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿದಾಗ ಕಾರಣ ಕಂಡಿತು. ಮುಂದಿನ ಪಾದ ಊರಿದ ಕೂಡಲೇ ಬೆಲ್ಟಿನ ಬಕಲ್ ಗುರಿಯತ್ತ ತಿರುಗಬೇಕು, ಭುಜ ಆಗಿನ್ನೂ ಹಿಂದೆಯೇ ಇರಬೇಕು. ಇವನಿಗೆ ಎರಡೂ ಒಟ್ಟಿಗೇ ತಿರುಗಿ, ಶ್ರಮವೆಲ್ಲ ಭುಜದ ಮೇಲೆ ಬೀಳುತ್ತಿತ್ತು. ಬಲ ನೆಲದಿಂದ ಕಾಲಿಗೆ, ಕಾಲಿನಿಂದ ಸೊಂಟಕ್ಕೆ ಏರಿ ಬರಬೇಕು. ತೋಳು ಕಡೆಯ ಕೊಂಡಿ. ಬೆಂಚ್ ಪ್ರೆಸ್ಸನ್ನು ವಾರಕ್ಕೊಮ್ಮೆಗೆ ಇಳಿಸಿದೆವು, ಅದೂ ಡಂಬೆಲ್‌ನಲ್ಲಿ. ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಎತ್ತಿ ನಿಲ್ಲುವುದು), ಒಂದೊಂದೇ ಕಾಲಿನ ಸ್ಕ್ವಾಟ್ (ಬಸ್ಕಿ) ಸೇರಿಸಿದೆವು. ಗ್ಯಾರೇಜಿನ ಗೋಡೆಗೆ ಪಕ್ಕಕ್ಕೆ ನಿಂತು, ಸೊಂಟ ತಿರುಗಿಸಿ ಮೆಡಿಸಿನ್ ಬಾಲ್ (ವ್ಯಾಯಾಮಕ್ಕೆಂದೇ ಇರುವ ಭಾರದ ಚೆಂಡು) ಎಸೆಯುವುದು: ಎರಡೂ ಬದಿಗೆ ಆರಾರು, ಮೂರು ಸುತ್ತು. ನಮಗೆ ಫಲ ಕೊಟ್ಟಿದ್ದು ಮುಖ್ಯವಾಗಿ ಇದೇ.

ಫಿಸಿಯೊಥೆರಪಿಸ್ಟ್, ನ್ಯೂಜೆರ್ಸಿ: ಚೆಂಡು ಕೈಬಿಟ್ಟ ಮೇಲೆ ಬೀಸುವ ತೋಳಿಗೆ ಬ್ರೇಕ್ ಹಾಕುವುದು ಭುಜದ ಹಿಂಬದಿಯ ಸಣ್ಣ ಸ್ನಾಯುಗಳು. ಅವನ್ನು ಯಾರೂ ಬೆಳೆಸುವುದಿಲ್ಲ, ಕನ್ನಡಿಯಲ್ಲಿ ಕಾಣುವುದಿಲ್ಲವಲ್ಲ! ತಳ್ಳುವ ವ್ಯಾಯಾಮ ಒಂದಾದರೆ ಎಳೆಯುವವು ಎರಡಿರಲಿ. ರಬ್ಬರ್ ಬ್ಯಾಂಡ್ ಹಿಡಿದು ತೋಳನ್ನು ಹೊರಕ್ಕೆ ತಿರುಗಿಸುವುದು ತಪ್ಪದಿರಲಿ. ಈ ವಯಸ್ಸಿನಲ್ಲಿ ಮೂಳೆಯ ತುದಿ ಇನ್ನೂ ಬೆಳೆಯುತ್ತಿರುತ್ತದೆ. ಎಸೆಯುವಾಗ ಭುಜ ನೋಯುತ್ತದೆ ಎಂದರೆ ಅಂದೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಹೆದರಬೇಡಿ: ಹೆಸರಾಂತ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಅವರ ಬಲ ಭುಜದ ಲ್ಯಾಬ್ರಮ್ (ಕೀಲಿನ ಅಂಚಿನ ಮೃದ್ವಸ್ಥಿ) 2005ರ ಡಿಸೆಂಬರ್ 31ರ ಪಂದ್ಯದಲ್ಲಿ ಹರಿದಿತ್ತು. ಶಸ್ತ್ರಚಿಕಿತ್ಸೆಯ ನಂತರ ಅದೇ ಭುಜದಿಂದ 2010ರಲ್ಲಿ ನ್ಯೂ ಆರ್ಲಿಯನ್ಸ್ ತಂಡಕ್ಕೆ ಸೂಪರ್ ಬೌಲ್ (ವೃತ್ತಿಪರ ಲೀಗಿನ ಫೈನಲ್) ಗೆದ್ದುಕೊಟ್ಟರು.

ಕಾಲೇಜಿನಲ್ಲಿ ಆಡಿದವನು: ಓಟದ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಪ್ಲೇ (ಆಟದ ಒಂದು ಸರದಿ) ಮುಗಿಯುವುದು ಐದಾರು ಸೆಕೆಂಡಿನಲ್ಲಿ, ಆಮೇಲೆ ಅರ್ಧ ನಿಮಿಷದಷ್ಟು ಬಿಡುವು. ಓಟವೂ ಹಾಗೆಯೇ ಇರಲಿ ಅಣ್ಣ: ಇಪ್ಪತ್ತು ಗಜ ಜೋರಾಗಿ, ಅರ್ಧ ನಿಮಿಷ ನಿಂತು, ಮತ್ತೆ. ಹತ್ತು ಸಲ ಸಾಕು.

ಕೇಳಿದವರು: ಸಂಜೆಯೇ ವಿಡಿಯೊ ತೆಗೆದೆ. ಬಕಲ್, ಭುಜ ಎರಡೂ ಒಟ್ಟಿಗೇ ತಿರುಗುತ್ತಿವೆ. ಮೆಡಿಸಿನ್ ಬಾಲ್ ಎಷ್ಟು ತೂಕದ್ದಿರಲಿ?

ಹ್ಯೂಸ್ಟನ್‌ನ ತಂದೆ: ಎರಡು ಕಿಲೋದ್ದು ಸಾಕು. ಗೋಡೆಗೆ ಬಡಿಯುವ ಸದ್ದು ಮಂದವಾಯಿತೆಂದರೆ ಅವನು ದಣಿದಿದ್ದಾನೆ, ಅಲ್ಲಿಗೆ ನಿಲ್ಲಿಸಿ.