ಟ್ಯಾಲಿ, ಎಕ್ಸೆಲ್ ಕೆಲಸಕ್ಕೆ ಎರಡನೇ ಪರದೆ: ಮಾನಿಟರಾ, ಟಿವಿನಾ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯಲ್ಲಿ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ದಿನವಿಡೀ ಟ್ಯಾಲಿ, ಎಕ್ಸೆಲ್. 14 ಇಂಚಿನ ಲ್ಯಾಪ್‌ಟಾಪ್ ನೋಡಿ ನೋಡಿ ಸಾಕಾಗಿದೆ. 24 ಇಂಚಿನ ಮಾನಿಟರ್ ರೇಟಿಗೆ ಸ್ವಲ್ಪ ಸೇರಿಸಿದರೆ 32 ಇಂಚಿನ ಟಿವಿಯೇ ಬರುತ್ತದೆ. ಸಂಜೆ ನಮ್ಮನೆಯವರು ಕ್ರಿಕೆಟ್ಟೂ ನೋಡಬಹುದು. ಟಿವಿನೇ ತಗೊಂಡುಬಿಡಲಾ?

ಉತ್ತರ: ಮೇಡಂ, ಮಾನಿಟರ್ ತಗೊಳ್ಳಿ. ನೀವು ನೋಡಿರುವ ಟಿವಿ ಡಬ್ಬದ ಮೇಲೆ ‘ಎಚ್‌ಡಿ ರೆಡಿ’ ಅಂತ ಇದೆಯಾ ನೋಡಿ. ಆ ರೇಟಿನ 32 ಇಂಚಿನವು ಹೆಚ್ಚಾಗಿ ಅವೇ. ಅದರ ಪರದೆಯಲ್ಲಿ ಇರುವುದು 1366×768 ಚುಕ್ಕೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ 1920×1080. ಅಂದರೆ ಟಿವಿ ದೊಡ್ಡದಾದರೂ ಎಕ್ಸೆಲ್‌ನ ಸಾಲುಗಳು ಕಾಣುವುದು ಕಮ್ಮಿ! ಇಂಚಿಗೆ ಮಾನಿಟರ್‌ನಲ್ಲಿ ಸುಮಾರು 92 ಚುಕ್ಕೆ, ಆ ಟಿವಿಯಲ್ಲಿ 49. ಸೋಫಾದಲ್ಲಿ ಕೂತು ನೋಡುವವರಿಗೆ ಇದು ಗೊತ್ತಾಗುವುದಿಲ್ಲ. ಮೇಜಿನ ಮುಂದೆ ಎರಡು ಅಡಿಯಲ್ಲಿ ಕೂತರೆ ಅಕ್ಷರದ ಅಂಚು ಗರಗಸದ ಹಾಗೆ ಕಾಣುತ್ತದೆ.

ಇನ್ನೊಬ್ಬ ಸದಸ್ಯರು: ಮಧ್ಯೆ ಬಾಯಿ ಹಾಕ್ತಿದ್ದೀನಿ ಸರ್. ನನ್ನದು 43 ಇಂಚಿನ 4ಕೆ ಟಿವಿ. ಆದರೂ ಕೆಂಪು ಅಕ್ಷರ ಮಸುಕು. ಟಾಸ್ಕ್‌ಬಾರ್ ಅರ್ಧ ಕಾಣಲ್ಲ. ಮೌಸ್ ಎಳೆದರೆ ಬಾಣದ ಗುರುತು ಹಿಂದಿನಿಂದ ಬರುತ್ತೆ.

ಉತ್ತರ: 4ಕೆ (3840×2160 ಚುಕ್ಕೆ) ಆದರೆ ಚುಕ್ಕೆಗೆ ಬರ ಇಲ್ಲ, ಇಂಚಿಗೆ 102ರಷ್ಟು ಸಿಗುತ್ತದೆ. ನಿಮ್ಮ ತೊಂದರೆ ಸೆಟ್ಟಿಂಗ್‌ನದು. ಎಷ್ಟೋ ಟಿವಿಗಳು ಬಣ್ಣದ ವಿವರವನ್ನು ಅರ್ಧಕ್ಕರ್ಧ ಇಳಿಸಿ ತೋರಿಸುತ್ತವೆ. ಸಿನಿಮಾದಲ್ಲಿ ಅದು ತಿಳಿಯುವುದಿಲ್ಲ. ಬಣ್ಣದ ಸಣ್ಣ ಅಕ್ಷರದಲ್ಲಿ ತಕ್ಷಣ ಗೊತ್ತಾಗುತ್ತದೆ. ಎಕ್ಸೆಲ್‌ನಲ್ಲಿ ಮೈನಸ್ ಅಂಕಿ ಕೆಂಪಲ್ಲಿ ಬರುತ್ತಲ್ಲ, ಅದೇ ಮೊದಲು ಕೆಡುವುದು. ಲೆಕ್ಕದವರಿಗೆ ಬೇಕಾಗಿರುವುದೂ ಅದೇ! ಲ್ಯಾಪ್‌ಟಾಪ್ ಚುಚ್ಚಿರುವ ಎಚ್‌ಡಿಎಂಐ (ಚಿತ್ರ, ಶಬ್ದ ಎರಡನ್ನೂ ಒಂದೇ ವೈರ್‌ನಲ್ಲಿ ತರುವ ಕಿಂಡಿ) ಇನ್‌ಪುಟ್‌ನ ಹೆಸರನ್ನು ‘ಪಿಸಿ’ ಅಂತ ಬದಲಿಸಿ, ಹಲವು ಟಿವಿಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ಶಾರ್ಪ್‌ನೆಸ್ ಇಳಿಸಿ. ಟಾಸ್ಕ್‌ಬಾರ್‌ಗೆ ಪಿಕ್ಚರ್ ಸೈಜ್‌ನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಹುಡುಕಿ. ಮೌಸ್ ಬಾಣ ತಡವಾಗುವುದಕ್ಕೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ ನೋಡಿ. ಆಗಲೂ ಸರಿಹೋಗದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನದು ಹಳೆಯ ಎಚ್‌ಡಿಎಂಐ 1.4 ಇರಬಹುದು. ಅದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. 60 ಬೇಕಾದರೆ 2.0 ಇರಬೇಕು.

ಅಂದಹಾಗೆ, 43 ಇಂಚು ಅಂದರೆ ಅಗಲವೇ ಸುಮಾರು 95 ಸೆಂಟಿಮೀಟರ್. ಮಾಮೂಲಿ ಮೇಜಿನ ಮೇಲೆ ಇಟ್ಟರೆ ಮೂಲೆ ನೋಡಲು ಕತ್ತು ತಿರುಗಿಸುತ್ತಲೇ ಇರಬೇಕು. ಕೆಲಸಕ್ಕೆಂದೇ ಆದರೆ ತಗೊಳ್ಳಿ ಅಂತ ನಾನಂತೂ ಹೇಳಲ್ಲ.

ಪ್ರಶ್ನೆ: ಸರಿ ಸರ್, ಮಾನಿಟರೇ ತಗೊಳ್ತೀನಿ. ಆದರೆ ಕ್ರಿಕೆಟ್ ಕಥೆ?

ಉತ್ತರ: ಮಾನಿಟರ್‌ನಲ್ಲೂ ನೋಡಬಹುದು ಮೇಡಂ. ಸೆಟ್‌ಟಾಪ್ ಬಾಕ್ಸ್ ಅಥವಾ ಫೈರ್ ಟಿವಿ ಸ್ಟಿಕ್ ಎಚ್‌ಡಿಎಂಐಗೆ ಚುಚ್ಚಿದರೆ ಆಯಿತು. ಹಾಗಾಗಿ ಎರಡು ಎಚ್‌ಡಿಎಂಐ ಇರುವುದನ್ನೇ ಕೇಳಿ, ಸುಮ್ನೆ ದಿನಾ ವೈರ್ ಕಿತ್ತು ಹಾಕುವುದು ಯಾಕೆ? ಎಷ್ಟೋ ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದಿಲ್ಲ. ಹಿಂದುಗಡೆ ಇಯರ್‌ಫೋನ್ ಜ್ಯಾಕ್ ಇದ್ದರೆ ಸಣ್ಣ ಸ್ಪೀಕರ್ ಹಾಕಿಕೊಳ್ಳಬಹುದು. ಎತ್ತರ ಏರಿಸಿ ಇಳಿಸುವ ಸ್ಟ್ಯಾಂಡ್ ಇರುವುದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಮ್ಯಾಚ್ ದಿನ ನಿಮ್ಮ ಕೆಲಸ ಮುಗಿಯುವವರೆಗೆ ಮನೆಯವರು ಮೊಬೈಲ್‌ನಲ್ಲೇ ನೋಡಲಿ ಬಿಡಿ.